ಕಾಸರಗೋಡಿನ ಮಳೆಗೂ ಕನ್ನಡಕ್ಕೂ ಹೊಂದುವ ಲೈಬ್ರರಿ: ಯಾವುದನ್ನು ಆರಿಸಬೇಕು?

ಜೂನ್ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಬಿಡದೆ ಸುರಿಯುವ ಮಳೆ. ಬದಿಯಡ್ಕ ಕಡೆಯ ಒಬ್ಬ ಎಂ.ಎ. ಹುಡುಗಿ ನಮ್ಮ ಕಾಲೇಜು ಲೈಬ್ರರಿಯ ಕಂಪ್ಯೂಟರ್ ಮುಂದೆ ಕೂತು ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳ ಹಳೆ ಪುಸ್ತಕವೊಂದನ್ನು ಹುಡುಕುತ್ತಿದ್ದಳು. "ಎಂತ ಸರ್, ಇಲ್ಲ ಅಂತ ತೋರಿಸ್ತದೆ" ಅಂದಳು. ಪುಸ್ತಕ ಇದೆ ಅಂತ ನನಗೆ ಗೊತ್ತಿತ್ತು. ಕನ್ನಡದಲ್ಲಿ ಟೈಪ್ ಮಾಡಿದಳು, ಸಿಗಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ 'ಟಿ' ಹಾಕಿ ನೋಡಿದಳು, 'ಟಿ' ಜೊತೆ 'ಎಚ್' ಸೇರಿಸಿ ನೋಡಿದಳು, ಎರಡು ಪದವಾಗಿ ಬಿಡಿಸಿ ನೋಡಿದಳು. ಇಲ್ಲ. ಕೊನೆಗೆ ನಾನೇ ಎದ್ದು ಹೋಗಿ ತಂದೆ. ಪಡುವಣ ಗೋಡೆಗೆ ಒತ್ತಿಕೊಂಡಿದ್ದ ಕಪಾಟು ಅದು. ಪುಸ್ತಕದ ಬೆನ್ನಿನ ಬಟ್ಟೆಯ ಮೇಲೆ ಹಸಿರು ಬೂಷ್ಟು. ತೆರೆದರೆ ನಡುವಿನ ಏಳೆಂಟು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು.

ಕುಂಬಳೆಯಲ್ಲಿ ಹುಟ್ಟಿದ ಕವಿ. ಕುಂಬಳೆಯಿಂದ ಬಸ್ಸಿನಲ್ಲಿ ಬರುವಷ್ಟು ಹತ್ತಿರದ ಲೈಬ್ರರಿ. ಅಲ್ಲಿಯೇ ಅವನ ಪುಸ್ತಕ ಹುಡುಕಿದರೆ ಸಿಗುವುದಿಲ್ಲ, ಸಿಕ್ಕಿದರೆ ಓದಲಾಗುವುದಿಲ್ಲ. ಆ ದಿನದ ಬೇಸರ ನನಗೆ ಇನ್ನೂ ಹೋಗಿಲ್ಲ.

ಈಗ ಎಲ್ಲ ಕಡೆ ಲೈಬ್ರರಿಯನ್ನು 'ಸ್ಮಾರ್ಟ್' ಮಾಡುವ, 'ಹಸಿರು' ಮಾಡುವ ಮಾತು. 2009ರಲ್ಲಿ ಶುರುವಾದ ಕೇಂದ್ರ ವಿಶ್ವವಿದ್ಯಾಲಯ ಈಗ ಪೆರಿಯದಲ್ಲಿದೆ. ಕಣ್ಣೂರು ವಿಶ್ವವಿದ್ಯಾಲಯದ ಕೆಳಗೆ ನಮ್ಮ ಜಿಲ್ಲೆಯ ಎಷ್ಟೋ ಕಾಲೇಜುಗಳಿವೆ. ಲೈಬ್ರರಿ ಸಮಿತಿ ಸಭೆಗೆ ಬಂದು ಸಾಮಾನು ಮಾರುವವರು ತೋರಿಸುವ ಪಟ್ಟಿ ಉದ್ದ ಇರುತ್ತದೆ. ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸಲು ನಾನು ಎರಡೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಇದರಿಂದ ಕನ್ನಡ ಪುಸ್ತಕ ಹುಡುಕಿದವರಿಗೆ ಸಿಗುತ್ತದಾ? ಇದರಿಂದ ಆ ಪುಸ್ತಕ ಇನ್ನೂ ಐವತ್ತು ಮಳೆಗಾಲ ತಡೆಯುತ್ತದಾ? ಕೆಳಗಿನ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಯ ಮೇಲೆಯೇ ನಿಂತಿದೆ.

ಸಾಫ್ಟ್‌ವೇರ್: ಕೋಹಾ, ಸೋಲ್, ಇ-ಗ್ರಂಥಾಲಯ

ಪುಸ್ತಕದ ಪಟ್ಟಿ ಇಡಲು, ಹುಡುಕಲು, ಕೊಟ್ಟು ಪಡೆಯುವ ಲೆಕ್ಕ ಇಡಲು ನಮ್ಮ ಕಡೆ ಆಯ್ಕೆಗೆ ಬರುವುದು ಹೆಚ್ಚಾಗಿ ಈ ಮೂರು.

ಇ-ಗ್ರಂಥಾಲಯವನ್ನು ಮಾಡಿದ್ದು ಕೇಂದ್ರ ಸರ್ಕಾರದ ಕಂಪ್ಯೂಟರ್ ಕೆಲಸದ ಸಂಸ್ಥೆ ಎನ್‌ಐಸಿ. ಸರ್ಕಾರಿ ಲೈಬ್ರರಿಗಳಿಗೆ ಸಾಫ್ಟ್‌ವೇರ್‌ಗೆ ದುಡ್ಡಿಲ್ಲ. 4.0 ಆವೃತ್ತಿ ಕ್ಲೌಡ್‌ನಲ್ಲಿ ನಡೆಯುತ್ತದೆ, ಹಾಗಾಗಿ ನಿಮ್ಮಲ್ಲಿ ಸರ್ವರ್ ಬೇಡ. ಒಬ್ಬರೇ ಲೈಬ್ರರಿಯನ್ ಇರುವ, ಕಂಪ್ಯೂಟರ್ ಗೊತ್ತಿರುವ ಸಹಾಯಕರಿಲ್ಲದ ಸಣ್ಣ ಸರ್ಕಾರಿ ಕಾಲೇಜಿಗೆ ಇದು ಒಳ್ಳೆಯದು. ಸೋಲ್ ಬರುವುದು ವಿಶ್ವವಿದ್ಯಾಲಯಗಳ ಲೈಬ್ರರಿಗಳಿಗಾಗಿ ಇರುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆಯಿಂದ. ವಿಶ್ವವಿದ್ಯಾಲಯ, ಕಾಲೇಜುಗಳ ಲೆಕ್ಕ ನೋಡಿಯೇ ಮಾಡಿದ್ದು. ಈಗಾಗಲೇ ಅದರಲ್ಲಿ ಕೆಲಸ ಚೆನ್ನಾಗಿ ನಡೆಯುತ್ತಿದ್ದರೆ ಸುಮ್ನೆ ಬದಲಾಯಿಸಬೇಡಿ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಮತ ಕೋಹಾಕ್ಕೆ. ನ್ಯೂಜಿಲೆಂಡಿನ ಒಂದು ಊರ ಲೈಬ್ರರಿಗಾಗಿ 1999ರಲ್ಲಿ ಮಾಡಿದ ಸಾಫ್ಟ್‌ವೇರ್ ಅದು. ಅಲ್ಲಿನ ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು. ಆದರೆ ಉಚಿತ ಅಂದರೆ ಖರ್ಚೇ ಇಲ್ಲ ಅಂತ ಅಲ್ಲ. ಸರ್ವರ್ ನೋಡಿಕೊಳ್ಳಲು, ಬ್ಯಾಕಪ್ ತೆಗೆಯಲು, ವರ್ಷಕ್ಕೊಮ್ಮೆಯಾದರೂ ಹೊಸ ಆವೃತ್ತಿಗೆ ಏರಿಸಲು ಗೊತ್ತಿರುವವರು ಒಬ್ಬರು ಬೇಕು. ನಮ್ಮ ಅದೃಷ್ಟಕ್ಕೆ ಕೇರಳದ ಲೈಬ್ರರಿಗಳಲ್ಲಿ ಕೋಹಾ ಬಹಳ ಹರಡಿದೆ. ಮಲಯಾಳ ಪುಸ್ತಕ ಹುಡುಕುವಾಗ ಬಂದ ತೊಂದರೆಗಳನ್ನು ಅವರು ಎದುರಿಸಿದ್ದಾರೆ. ಅದೇ ತೊಂದರೆ ನಮ್ಮ ಕನ್ನಡಕ್ಕೂ ಇರುವುದು. ಗಡಿಯಲ್ಲಿರುವುದು ಈ ಒಂದು ವಿಷಯದಲ್ಲಿ ನಮಗೆ ಲಾಭ.

ತೊಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಚ್ಚಿನವರು ಇಲ್ಲೇ ಸೋಲುವುದು.

ಮೊದಲನೆಯದು ಇಂಡೆಕ್ಸಿಂಗ್, ಅಂದರೆ ಪದ ಹುಡುಕಲು ಆಗುವಂತೆ ಸಾಫ್ಟ್‌ವೇರ್ ಮಾಡಿಟ್ಟುಕೊಳ್ಳುವ ಸೂಚಿ. ಕೋಹಾದಲ್ಲಿ ಹುಡುಕುವ ಕೆಲಸ ಮಾಡುವುದು ಹೆಚ್ಚಾಗಿ ಝೀಬ್ರಾ ಎಂಬ ಭಾಗ. ಅದನ್ನು ಹಾಕುವಾಗ ಐಸಿಯು ಎಂಬ ವಿಧಾನ ಆರಿಸಬೇಕು. ಅದನ್ನು ಬಿಟ್ಟು ಬೇರೆ ವಿಧಾನದಲ್ಲಿ ಹಾಕಿದರೆ ಇಂಗ್ಲಿಷ್ ಪುಸ್ತಕ ಪಟ್ಟನೆ ಸಿಗುತ್ತದೆ, ಕನ್ನಡದ್ದು ಸಿಗುವುದಿಲ್ಲ. ಕೂಡಿಸಿಕೊಡಲು ಬಂದವರು ಇಂಗ್ಲಿಷ್ ಹೆಸರು ಹುಡುಕಿ ತೋರಿಸಿ ಬಿಲ್ಲು ಕೊಟ್ಟು ಹೋಗುತ್ತಾರೆ. ಬಿಲ್ಲು ಪಾಸು ಮಾಡುವ ಮೊದಲು ಒತ್ತಕ್ಷರ ಇರುವ ಹತ್ತು ಕನ್ನಡ ಹೆಸರು ಹುಡುಕಿಸಿ ನೋಡಿ.

ಎರಡನೆಯದು ಹಳೆ ಪಟ್ಟಿ. ಎಷ್ಟೋ ಕಾಲೇಜುಗಳಲ್ಲಿ ಪುಸ್ತಕದ ಪಟ್ಟಿಯನ್ನು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬಳಕೆಗೆ ಬರುವ ಮೊದಲೇ 'ನುಡಿ' ಅಥವಾ 'ಬರಹ' ಸಾಫ್ಟ್‌ವೇರಿನ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿ ಇಟ್ಟಿದ್ದಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಅದನ್ನು ಹಾಗೆಯೇ ಹೊಸ ಸಾಫ್ಟ್‌ವೇರ್‌ಗೆ ಸುರಿದರೆ ಮುಗಿಯಿತು. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಕಣ್ಣಿನಿಂದ ಓದಿ ತಿದ್ದಿ, ಆಮೇಲೆ ಒಳಗೆ ಹಾಕಬೇಕು. ರೇಫ, ಒತ್ತು, ದೀರ್ಘ ಇವೇ ಹೆಚ್ಚು ಕೆಟ್ಟಿರುವುದು.

ಮೂರನೆಯದು ಹೆಸರಿನ ರೂಪಗಳು. ಪಾರ್ತಿಸುಬ್ಬ ಅಂತ ಒಟ್ಟಿಗೆ ಬರೆಯುವವರಿದ್ದಾರೆ, ಪಾರ್ತಿ ಸುಬ್ಬ ಅಂತ ಬಿಡಿಸುವವರಿದ್ದಾರೆ. ಇಂಗ್ಲಿಷ್ ಅಕ್ಷರದಲ್ಲಂತೂ ಇನ್ನೂ ಜಾಸ್ತಿ. ಕಯ್ಯಾರ ಕಿಞ್ಞಣ್ಣ ರೈ ಅವರ ಹೆಸರನ್ನೇ ತೆಗೆದುಕೊಳ್ಳಿ. ಆ 'ಞ್ಞ' ಟೈಪ್ ಮಾಡಲು ಗೊತ್ತಾಗದೆ 'ಕಿನ್ನಣ್ಣ' ಅಂತ ಹಾಕುವ ಮಕ್ಕಳು ಎಷ್ಟು ಜನ! ಅವರು ತಪ್ಪು ಟೈಪ್ ಮಾಡಿದರೂ ಪುಸ್ತಕ ಸಿಗಬೇಕು ಅಲ್ವಾ? ಕೋಹಾದಲ್ಲಿ ಇದಕ್ಕೆ ದಾರಿ ಇದೆ. ಲೇಖಕರಿಗೆ ಒಂದು ಅಧಿಕೃತ ದಾಖಲೆ ಮಾಡಿ, ಅದರ 400ನೇ ಫೀಲ್ಡ್‌ (ಖಾನೆ)ನಲ್ಲಿ ಬಳಕೆಯ ಬೇರೆ ರೂಪಗಳನ್ನೆಲ್ಲ ತುಂಬಬೇಕು. ಆಮೇಲೆ 'ಇನ್‌ಕ್ಲೂಡ್ ಸೀ ಫ್ರಮ್ ಇನ್ ಸರ್ಚಸ್' ಎಂಬ ಆಯ್ಕೆ ಒತ್ತಿ ಇಂಡೆಕ್ಸ್ ಮತ್ತೆ ಮಾಡಿಸಬೇಕು. ಪುಸ್ತಕದ ದಾಖಲೆಯಲ್ಲಿ ಹೆಸರಿನ ಬೇರೆ ರೂಪಕ್ಕೆ 246ನೇ ಖಾನೆ, ಇನ್ನೊಂದು ಲಿಪಿಯಲ್ಲಿ ಬರೆಯಲು 880ನೇ ಖಾನೆ. ದುಡ್ಡಿನ ಕೆಲಸ ಅಲ್ಲ ಇದು. ಕೂತು ಮಾಡುವ ಕೆಲಸ. ಕನ್ನಡ ಬಲ್ಲವರೇ ಮಾಡಬೇಕು.

ಯಾವ ಸಾಫ್ಟ್‌ವೇರ್ ಆರಿಸಿದರೂ ಒಂದು ಶರತ್ತು ಇರಲಿ. ನಿಮ್ಮ ಪೂರ್ತಿ ಪಟ್ಟಿಯನ್ನು ಹೆಚ್ಚಿನ ಲೈಬ್ರರಿ ಸಾಫ್ಟ್‌ವೇರ್‌ಗಳಿಗೆ ಅರ್ಥವಾಗುವ ಮಾರ್ಕ್ 21 ರೂಪದಲ್ಲಿ ನಿಮ್ಮ ಕಣ್ಣೆದುರೇ ಹೊರಗೆ ತೆಗೆದು ಪೆನ್‌ಡ್ರೈವ್‌ಗೆ ಹಾಕಿ ತೋರಿಸಲು ಹೇಳಿ. ತೋರಿಸಲಾಗದಿದ್ದರೆ ಬೇಡ. ಮುಂದೊಂದು ದಿನ ಬದಲಾಯಿಸಬೇಕಾದಾಗ ಆ ಪಟ್ಟಿಯೇ ನಿಮ್ಮ ಆಸ್ತಿ.

ಸರ್ವರ್ ಕಾಲೇಜಲ್ಲೇ ಇರಲೋ, ಹೊರಗೆ ಬಾಡಿಗೆಗೆ ತೆಗೆದುಕೊಳ್ಳುವುದೋ? ಏಪ್ರಿಲ್–ಮೇ ತಿಂಗಳ ಸಿಡಿಲು, ಮತ್ತೆ ಅಕ್ಟೋಬರ್–ನವೆಂಬರಿನ ಸಿಡಿಲು ನೋಡಿದವರು ಇದಕ್ಕೆ ಬೇಗ ಉತ್ತರ ಹೇಳುತ್ತಾರೆ. ನಮ್ಮಲ್ಲಿ ಒಂದೇ ಸಂಜೆ ಮೋಡೆಮ್, ಸ್ವಿಚ್, ಸರ್ವರಿನ ಪವರ್ ಸಪ್ಲೈ ಮೂರೂ ಸುಟ್ಟು ಹೋಗಿದ್ದವು. ಬಾಡಿಗೆಯದ್ದೇ ಮೇಲು. ದೊಡ್ಡ ಕ್ಯಾಂಪಸ್, ಸರಿಯಾದ ಅರ್ತಿಂಗ್, ಸ್ವಂತ ಐಟಿ ವಿಭಾಗ ಇದ್ದರೆ ಮಾತ್ರ ಒಳಗೆ ಇಟ್ಟುಕೊಳ್ಳಿ. ಆಗಲೂ ಬ್ಯಾಕಪ್ ಹೊರಗಿರಲಿ.

ಬಾರ್‌ಕೋಡ್ ಸಾಕೋ, ಆರ್‌ಎಫ್‌ಐಡಿ ಬೇಕೋ

ಸಮಿತಿಗಳಿಗೆ ಬೇಗ ಇಷ್ಟವಾಗುವುದು ಆರ್‌ಎಫ್‌ಐಡಿ, ಅಂದರೆ ಪುಸ್ತಕಕ್ಕೆ ಅಂಟಿಸಿ ರೇಡಿಯೋ ಅಲೆಯಿಂದ ಓದುವ ಟ್ಯಾಗ್. ಬಾಗಿಲಲ್ಲಿ ಗೇಟ್, ಮಕ್ಕಳೇ ಪುಸ್ತಕ ಪಡೆಯುವ ಯಂತ್ರ. ಅದು ಒಳ್ಳೆಯ ತಂತ್ರಜ್ಞಾನವೇ. ಬಾರ್‌ಕೋಡ್ ಓದಬೇಕಾದರೆ ಪುಸ್ತಕ ಹೊರಗೆ ತೆಗೆದು ಸ್ಕ್ಯಾನರ್‌ಗೆ ತೋರಿಸಬೇಕು. ಟ್ಯಾಗ್ ಆದರೆ ಪುಸ್ತಕ ಕಪಾಟಿನಲ್ಲಿರುವಾಗಲೇ ಓದಬಹುದು. ಆದರೆ ಬಾರ್‌ಕೋಡ್ ಸ್ಟಿಕರ್‌ನದ್ದು ಪೈಸೆ ಲೆಕ್ಕ, ಟ್ಯಾಗ್‌ನದ್ದು ರೂಪಾಯಿ ಲೆಕ್ಕ. ಅದರ ಮೇಲೆ ಗೇಟ್, ರೀಡರ್, ವರ್ಷ ವರ್ಷ ನಿರ್ವಹಣೆ.

ತೀರ್ಮಾನಕ್ಕೆ ಒಂದು ಗಟ್ಟಿ ಆಧಾರ ಇದೆ. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮದ ಪ್ರಕಾರ 20,000ದವರೆಗೆ ಪುಸ್ತಕ ಇರುವ ಲೈಬ್ರರಿಯಲ್ಲಿ ಪ್ರತಿ ವರ್ಷ ಎಲ್ಲ ಪುಸ್ತಕ ಎಣಿಸಬೇಕು. 50,000ದವರೆಗೆ ಇದ್ದರೆ ಮೂರು ವರ್ಷಕ್ಕೊಮ್ಮೆ. ಅದಕ್ಕಿಂತ ಜಾಸ್ತಿ ಇದ್ದರೆ ಮಾದರಿ ಎಣಿಕೆ ಸಾಕು. ಕೊಟ್ಟ ಮತ್ತು ಓದಿದ ಸಾವಿರ ಪುಸ್ತಕಕ್ಕೆ ಐದು ಕಳೆದುಹೋದರೆ ಅದು ಸಹಜ ನಷ್ಟ ಅಂತಲೂ ಆ ನಿಯಮ ಒಪ್ಪುತ್ತದೆ. ಅಂದ ಮೇಲೆ ಹದಿನೈದು ಸಾವಿರ ಪುಸ್ತಕದ ಕಾಲೇಜಿಗೆ ಬಾರ್‌ಕೋಡ್ ಮತ್ತು ರಜೆಯಲ್ಲಿ ಹತ್ತು ದಿನದ ಕೆಲಸ ಸಾಕು. ಇಡೀ ದಿನ ಕೌಂಟರಿನಲ್ಲಿ ಸಾಲು ನಿಲ್ಲುವ ದೊಡ್ಡ ಲೈಬ್ರರಿಗೆ ಆರ್‌ಎಫ್‌ಐಡಿ ಸರಿ. ಆಗ 13.56 ಮೆಗಾಹರ್ಟ್ಸ್‌ನ ಎಚ್‌ಎಫ್ ಟ್ಯಾಗ್ ಕೇಳಿ, ಲೈಬ್ರರಿ ಟ್ಯಾಗ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 28560 ಪ್ರಕಾರ ಇರಬೇಕು ಅಂತ ಟೆಂಡರಿನಲ್ಲೇ ಬರೆಯಿರಿ. ಒಂದೇ ಕಂಪನಿಗೆ ಕಟ್ಟುಬೀಳುವುದು ತಪ್ಪುತ್ತದೆ. ಹಳೆಯ, ಅಪರೂಪದ ಪುಸ್ತಕಕ್ಕೆ ಮಾತ್ರ ಟ್ಯಾಗೂ ಬೇಡ, ಸ್ಟಿಕರೂ ಬೇಡ. ಆಮ್ಲವಿಲ್ಲದ ಕಾಗದದ ಪಟ್ಟಿಯ ಮೇಲೆ ಬಾರ್‌ಕೋಡ್ ಹಾಕಿ ಪುಟದ ನಡುವೆ ಇಡಿ.

ಮಳೆಗಾಲದ ತೇವ: ಎಸಿ, ಡಿಹ್ಯುಮಿಡಿಫೈಯರ್, ಫ್ಯಾನು, ಕಿಟಕಿ

ಹಸಿರು ಲೈಬ್ರರಿಯ ಬಗ್ಗೆ ಬರುವ ಮಾರ್ಗದರ್ಶಿಗಳಲ್ಲಿ ಹೆಚ್ಚಿನವು ಒಣ ಊರುಗಳಿಗೆ ಬರೆದಂತೆ ಇರುತ್ತವೆ. 'ಕಿಟಕಿ ತೆರೆಯಿರಿ, ಗಾಳಿ ಬರಲಿ' ಅನ್ನುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುವ ನಮ್ಮಲ್ಲಿ ಜುಲೈಯಲ್ಲಿ ಕಿಟಕಿ ತೆರೆದರೆ ಬರುವುದು ನೀರು ತುಂಬಿದ ಗಾಳಿ. ಗಾಳಿಯ ತೇವಾಂಶ ಶೇ. 65 ದಾಟಿ ಕೆಲವು ದಿನ ಹಾಗೇ ನಿಂತರೆ ಬೂಷ್ಟು ಏಳುತ್ತದೆ.

ಎಸಿ ಹಾಕಿದರೆ ಸರಿಯಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಎಸಿ ಓಡುವಾಗ ಗಾಳಿಯ ನೀರನ್ನು ಎಳೆಯುತ್ತದೆ, ನಿಜ. ಸಂಜೆ ಐದಕ್ಕೆ ಬಂದ್ ಮಾಡಿ ಮನೆಗೆ ಹೋಗುತ್ತೇವೆ. ರಾತ್ರಿ ಸಂದಿಗಳಿಂದ ಹೊರಗಿನ ತೇವದ ಗಾಳಿ ಒಳಗೆ ಬರುತ್ತದೆ. ತಣ್ಣಗಿರುವ ಕಬ್ಬಿಣದ ಕಪಾಟಿಗೆ, ಪುಸ್ತಕದ ಬೆನ್ನಿಗೆ ತಾಗಿ ನೀರಾಗುತ್ತದೆ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವುದು ನೋಡಿದ್ದೀರಲ್ಲ, ಅದೇ. ಬೆಳಿಗ್ಗೆ ಬೀಗ ತೆಗೆದಾಗ ಕಪಾಟಿನ ತಗಡಿನ ಮೇಲೆ ಬೆರಳು ಎಳೆದರೆ ಗೆರೆ ಮೂಡುತ್ತಿತ್ತು. ಹಗಲು ಹಾಕಿ ರಾತ್ರಿ ಆರಿಸುವ ಎಸಿ ಪುಸ್ತಕಕ್ಕೆ ಎಸಿ ಇಲ್ಲದೇ ಇರುವುದಕ್ಕಿಂತ ಕೆಟ್ಟದ್ದು. ಇಡೀ ಕಟ್ಟಡಕ್ಕೆ 24 ಗಂಟೆ ಎಸಿ ಹಾಕಿದರೆ ಕರೆಂಟ್ ಬಿಲ್ಲು ತಡೆಯುವುದಿಲ್ಲ, ಹಸಿರು ಅನ್ನುವ ಮಾತಿಗೂ ಅರ್ಥ ಉಳಿಯುವುದಿಲ್ಲ.

ನನಗೆ ಸರಿ ಅನಿಸಿದ ದಾರಿ ಪುಸ್ತಕಗಳನ್ನು ಎರಡು ಪಾಲು ಮಾಡುವುದು. ಅಪರೂಪದ ಪುಸ್ತಕ, ಹಸ್ತಪ್ರತಿ, ಹಳೆ ಪತ್ರಿಕೆಗಳನ್ನು ಒಂದು ಸಣ್ಣ ಕೋಣೆಗೆ ತನ್ನಿ. ಪಡುವಣ ಗೋಡೆ ಇಲ್ಲದ ಕೋಣೆ ಆಗಲಿ. ಬಾಗಿಲು ಕಿಟಕಿಯ ಸಂದಿ ಮುಚ್ಚಿ, ಒಂದು ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಎಳೆಯುವ ಯಂತ್ರ ಇಡಿ. ತೇವಾಂಶ ಮುಟ್ಟಬೇಕಾದ ಮಟ್ಟ ಮುಟ್ಟಿದಾಗ ಅದು ತಾನೇ ನಿಲ್ಲುತ್ತದೆ, ಹಗಲು ರಾತ್ರಿ ಬಿಡಬಹುದು. ಮೊದಲ ವಾರ ಅದರ ಡಬ್ಬಿಯಿಂದ ಚೆಲ್ಲಿದ ನೀರು ನೋಡಿದರೆ ನಿಮಗೇ ಗೊತ್ತಾಗುತ್ತದೆ, ಪುಸ್ತಕಗಳು ಎಷ್ಟು ಕುಡಿದಿದ್ದವು ಅಂತ. ಮುಚ್ಚಿದ ಸಣ್ಣ ಕೋಣೆಗೆ ಮಾತ್ರ ಇದು ಆಗುತ್ತದೆ. ತೆರೆದ ಹಾಲಿನಲ್ಲಿಟ್ಟರೆ ಸುಮ್ನೆ ಕರೆಂಟ್ ದಂಡ.

ಉಳಿದ ಪುಸ್ತಕಗಳಿಗೆ ಫ್ಯಾನು ಮತ್ತು ಜಾಗ. ಕಪಾಟು ಗೋಡೆಯಿಂದ ಒಂದು ಗೇಣು ಈಚೆ ಇರಲಿ. ನಮ್ಮ ಮುರಕಲ್ಲಿನ ಗೋಡೆ ಮಳೆಯ ಹೊಡೆತ ಬೀಳುವ ಕಡೆ ನೀರು ಹೀರುತ್ತದೆ. ಅಲ್ಲಿ ಪುಸ್ತಕವೇ ಬೇಡ, ಓದುವ ಮೇಜು ಹಾಕಿ. ಪುಸ್ತಕ ಒತ್ತೊತ್ತಾಗಿ ತುರುಕಬೇಡಿ. ಜಾಗ ಉಳಿಸಲು ಒಂದಕ್ಕೊಂದು ಅಂಟಿಸಿ ಮುಚ್ಚುವ ಕಂಪ್ಯಾಕ್ಟರ್ ಕಪಾಟು ನಮ್ಮ ಹವೆಗೆ ಆಗುವುದಿಲ್ಲ, ಒಳಗೆ ಗಾಳಿಯೇ ಆಡುವುದಿಲ್ಲ. ಕಿಟಕಿ ತೆರೆಯುವುದು ಡಿಸೆಂಬರಿನಿಂದ ಫೆಬ್ರವರಿವರೆಗೆ, ಮಧ್ಯಾಹ್ನದ ಹೊತ್ತು. ಕೆಲವು ನೂರು ರೂಪಾಯಿಗೆ ಸಿಗುವ ಸಣ್ಣ ತೇವಾಂಶ ಮಾಪಕ ಪ್ರತಿ ಸಾಲಿಗೆ ಒಂದೊಂದು ತೂಗುಹಾಕಿ. ಸೆನ್ಸರ್‌ನಿಂದ ಮೊಬೈಲಿಗೆ ಸಂದೇಶ ಬರುವ ದೊಡ್ಡ ವ್ಯವಸ್ಥೆ ಬೇಕಾದವರು ಆಮೇಲೆ ಹಾಕಿಕೊಳ್ಳಲಿ. ಮೊದಲು ದಿನಕ್ಕೆರಡು ಸಲ ಮಾಪಕದ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ಬರಲಿ.

ಹುಳಕ್ಕೆ ಏನು ಮಾಡುವುದು

ಗೆದ್ದಲಿಗೆ, ಬೆಳ್ಳಿ ಹುಳಕ್ಕೆ ವಿಷ ಹೊಡೆಸುವುದು ಸುಲಭ. ಆದರೆ ನಾವು ಕಾಸರಗೋಡಿನವರು. ಗೇರು ತೋಟದ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ, ಮುಳಿಯಾರು, ಪೆರಿಯ ಕಡೆಯ ಮನೆಗಳು ಇವತ್ತಿಗೂ ಅದರ ನೋವು ಉಣ್ಣುತ್ತಿವೆ. ಆ ಮನೆಗಳ ಮಕ್ಕಳು ನಮ್ಮ ಓದುವ ಕೋಣೆಯಲ್ಲಿ ಕೂರುತ್ತಾರೆ. ಮುಚ್ಚಿದ ಕೋಣೆಯಲ್ಲಿ ವಿಷ ಹೊಡೆಸಿ ಮರುದಿನ ಅವರನ್ನು ಒಳಗೆ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ.

ಹುಳ ಬಿದ್ದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ ಡೀಪ್ ಫ್ರೀಜರಿನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಡುವುದು ವಿಷವಿಲ್ಲದ ದಾರಿ. ಹುಳವೂ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಪುಸ್ತಕ ಬೆವರುತ್ತದೆ. ತಾಳೆಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವುದು ಹಿಂದಿನಿಂದ ಬಂದ ಕ್ರಮ, ಇವತ್ತಿಗೂ ಸರಿಯೇ. ಗೆದ್ದಲಿಗೆ ಮಾತ್ರ ಕಟ್ಟಡದ ಹೊರಗೆ, ಬುಡದ ಮಣ್ಣಿನಲ್ಲೇ ತಡೆ ಹಾಕಿಸಬೇಕು. ಒಳಗೆ ಕಪಾಟಿನ ಕಾಲು ನೆಲಕ್ಕೆ ತಾಗಿರುವಲ್ಲಿ ಪ್ರತಿ ವಾರ ಟಾರ್ಚ್ ಬಿಟ್ಟು ನೋಡಿ. ತೇವ ಕಡಿಮೆ ಆದರೆ ಹುಳವೂ ಅರ್ಧ ಕಡಿಮೆ.

ಸೋಲಾರ್ ಮೊದಲೋ, ಫ್ಯಾನು ಮೊದಲೋ

ಲೆಕ್ಕ ಹಾಕಿ ನೋಡೋಣ. ಹಳೆ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಕಡಿಮೆ ಕರೆಂಟಿನಲ್ಲಿ ಓಡುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು ಸುಮಾರು 30. ನಲವತ್ತು ಫ್ಯಾನು ದಿನಕ್ಕೆ ಹತ್ತು ಗಂಟೆ ಓಡಿದರೆ ಉಳಿಯುವುದು 18 ಯುನಿಟ್. ಒಂದು ಕಿಲೋವ್ಯಾಟ್ ಸೋಲಾರ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯುನಿಟ್ ಕೊಡುತ್ತದೆ. ಅಂದರೆ ಫ್ಯಾನು ಬದಲಾಯಿಸುವುದೊಂದೇ ನಾಲ್ಕೂವರೆ ಕಿಲೋವ್ಯಾಟ್ ಸೋಲಾರ್ ಹಾಕಿದ್ದಕ್ಕೆ ಸಮ! ಮೋಡ ಕವಿದ ದಿನವೂ ಈ ಉಳಿತಾಯ ನಿಲ್ಲುವುದಿಲ್ಲ. ಹಾಗಾಗಿ ಮೊದಲು ಫ್ಯಾನು ಮತ್ತು ಎಲ್‌ಇಡಿ. ಹಳೆ ಟ್ಯೂಬ್‌ಲೈಟಿನ ಅತಿನೇರಳೆ ಕಿರಣ ಪುಸ್ತಕದ ಬಣ್ಣ ತಿನ್ನುತ್ತದೆ, ಎಲ್‌ಇಡಿಯಲ್ಲಿ ಅದು ತೀರಾ ಕಡಿಮೆ.

ಆಮೇಲೆ ಸೋಲಾರ್. ಲೈಬ್ರರಿ ಓಡುವುದು ಹಗಲು, ಬಿಸಿಲಿರುವುದೂ ಹಗಲು, ಜೋಡಿ ಚೆನ್ನಾಗಿ ಹೊಂದುತ್ತದೆ. ಆನ್-ಗ್ರಿಡ್, ಅಂದರೆ ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೆ ಜೋಡಿಸುವುದು, ಕಡಿಮೆ ಖರ್ಚಿನದ್ದು. ಆದರೆ ಲೈನಿನಲ್ಲಿ ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಲೈನಿನ ಕೆಲಸಗಾರರಿಗೆ ಅಪಾಯ ಆಗಬಾರದು ಅಂತ ಹಾಗೆ ಮಾಡಿದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಕಡೆ ಬ್ಯಾಟರಿ ಇರುವ ಹೈಬ್ರಿಡ್ ಬೇಕಾಗುತ್ತದೆ. ಪೂರ್ತಿ ಕಟ್ಟಡಕ್ಕೆ ಬ್ಯಾಟರಿ ಬೇಡ. ಅಪರೂಪದ ಪುಸ್ತಕದ ಕೋಣೆ, ನೆಟ್‌ವರ್ಕ್, ಕೌಂಟರ್ ಇಷ್ಟಕ್ಕೆ ಸಾಕು. ಟೆರೇಸಿಗೆ ಶೀಟು ಹಾಕಿಸುವ ಯೋಚನೆ ಇದ್ದರೆ ಸೋಲಾರಿಗಿಂತ ಮೊದಲೇ ಮಾಡಿಸಿ. ಹಾಕಿದ ಪ್ಯಾನೆಲ್ ಬಿಚ್ಚಿ ಮತ್ತೆ ಕೂಡಿಸುವ ಖರ್ಚು ಕಮ್ಮಿಯಲ್ಲ.

ಚಂದಾ ಕಟ್ಟುವುದೋ, ನಮ್ಮದನ್ನು ಸ್ಕ್ಯಾನ್ ಮಾಡುವುದೋ

ಇಂಗ್ಲಿಷ್ ಸಂಶೋಧನಾ ಪತ್ರಿಕೆಗಳ ಚಿಂತೆ ಈಗ ಕಡಿಮೆಯಾಗಿದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯದ್ದು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ನಿಮ್ಮ ಸಂಸ್ಥೆ ಅದರಲ್ಲಿ ಇದ್ದರೆ ಅದೇ ಪತ್ರಿಕೆಗೆ ಮತ್ತೆ ಚಂದಾ ಕಟ್ಟಬೇಡಿ. ಆ ದುಡ್ಡು ಕನ್ನಡಕ್ಕೆ ಹೋಗಲಿ. ಯಾಕೆಂದರೆ ನಮ್ಮ ಗಡಿನಾಡಿನ ಹಳೆ ಪತ್ರಿಕೆ, ಸ್ಮರಣ ಸಂಚಿಕೆ, ಪ್ರಸಂಗ ಪುಸ್ತಕಗಳನ್ನು ಯಾವ ದೊಡ್ಡ ಪ್ರಕಾಶಕರೂ ಸ್ಕ್ಯಾನ್ ಮಾಡಿ ಕೊಡುವುದಿಲ್ಲ. ನಾವೇ ಮಾಡಬೇಕು.

ಕಾನೂನಿಗೆ ಹೆದರಿ ಕೈಕಟ್ಟಿ ಕೂರುವವರಿದ್ದಾರೆ. ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡು 60 ವರ್ಷದವರೆಗೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದದ್ದೆಲ್ಲ 2024ರ ಜನವರಿಯಿಂದ ಎಲ್ಲರದ್ದೂ ಆಗಿದೆ. ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಧಾರಾಳವಾಗಿ ಹಾಕಬಹುದು. 2015ರಲ್ಲಿ ತೀರಿಕೊಂಡ ಕಯ್ಯಾರರ ಪುಸ್ತಕಗಳಿಗೆ ಹಾಗಿಲ್ಲ. ಆದರೆ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಲೈಬ್ರರಿ ತನ್ನಲ್ಲಿರುವ ಪುಸ್ತಕವನ್ನು ಕಾಪಾಡಲಿಕ್ಕಾಗಿ ಡಿಜಿಟಲ್ ಪ್ರತಿ ಮಾಡಿಡಲು 2012ರ ತಿದ್ದುಪಡಿಯಲ್ಲಿ ಅವಕಾಶ ಇದೆ. ನಿಮ್ಮ ಲೈಬ್ರರಿಗೂ ಅದು ಅನ್ವಯಿಸುತ್ತದಾ ಅಂತ ತಿಳಿದವರಲ್ಲಿ ಕೇಳಿ ಮಾಡಿಡಿ, ಹೊರಗೆ ಬಿಡಬೇಡಿ.

ಯಂತ್ರ ಆರಿಸುವಾಗ ಫ್ಲಾಟ್‌ಬೆಡ್ ಸ್ಕ್ಯಾನರ್ ಬೇಡ. ಹಳೆ ಪುಸ್ತಕವನ್ನು ಕವುಚಿ ಒತ್ತಿದರೆ ಬೆನ್ನು ಮುರಿಯುತ್ತದೆ. ಮೇಲಿಂದ ಫೋಟೋ ತೆಗೆಯುವ ಓವರ್‌ಹೆಡ್ ಸ್ಕ್ಯಾನರ್ ತನ್ನಿ. 300 ಡಿಪಿಐ ಸಾಕು. ಸ್ಕ್ಯಾನ್ ಮಾಡಿದ ಪುಟದ ಅಕ್ಷರ ಗುರುತಿಸುವ ಕೆಲಸಕ್ಕೆ (ಒಸಿಆರ್) ಕನ್ನಡಕ್ಕೂ ಆಗುವ ಟೆಸರಾಕ್ಟ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಹಳೆ ಮೊಳೆ ಅಚ್ಚಿನಲ್ಲಿ ತಪ್ಪುಗಳು ಬರುತ್ತವೆ, ಆದರೂ ಪದ ಹುಡುಕಲು ಆಗುತ್ತದೆ. ಸ್ಕ್ಯಾನ್ ಮಾಡಿದ್ದನ್ನು ಜೋಡಿಸಿಡಲು ಡಿಸ್ಪೇಸ್ ಎಂಬ ಸಾಫ್ಟ್‌ವೇರ್ ಇದೆ, ಅದೂ ಉಚಿತ.

ಖರ್ಚಿನ ಸಾಲು ನನ್ನ ಪ್ರಕಾರ ಹೀಗೆ: ದುಡ್ಡು ತೀರಾ ಕಡಿಮೆ ಇದ್ದರೆ ಪಟ್ಟಿ ತಿದ್ದುವುದು, ಕಪಾಟು ಸರಿಸುವುದು, ತೇವಾಂಶ ಮಾಪಕ. ಸ್ವಲ್ಪ ಇದ್ದರೆ ಡಿಹ್ಯುಮಿಡಿಫೈಯರ್ ಕೋಣೆ, ಫ್ಯಾನು, ಸ್ಕ್ಯಾನರ್. ಜಾಸ್ತಿ ಇದ್ದರೆ ಸೋಲಾರ್. ಆರ್‌ಎಫ್‌ಐಡಿ ಎಲ್ಲಕ್ಕಿಂತ ಕೊನೆಗೆ.

ಪಾರ್ತಿಸುಬ್ಬನ ಆ ಪುಸ್ತಕದ ಹಾಳೆಗಳನ್ನು ಒಣಗಿಸಿ, ತೆಳ್ಳಗಿನ ಬಿದಿರಿನ ಕಡ್ಡಿಯಿಂದ ಒಂದೊಂದಾಗಿ ಬಿಡಿಸಿದೆವು. ಎರಡು ಹಾಳೆಯ ಅಕ್ಷರ ಹೋಯಿತು, ಉಳಿದವು ಬಂದವು. ಆ ಹುಡುಗಿ ಈಗ ಶನಿವಾರ ಮಧ್ಯಾಹ್ನ ಬಂದು ನನ್ನ ಜೊತೆ ಕೂತು ಲೇಖಕರ ಹೆಸರುಗಳ ರೂಪ ತುಂಬುತ್ತಾಳೆ. 'ಅ'ದಿಂದ ಶುರು ಮಾಡಿದ್ದೆವು. ಹೋದ ವಾರ 'ಪ' ಮುಟ್ಟಿದೆವು.